ಮರಿ ಒಯ್ಯಲು ಇನ್ನು ಒಂದೇ ಹಾಳೆ

ಪ್ರೀತಿಯ ಗ್ರಾಹಕರಿಗೆ ನಮಸ್ಕಾರ.

ನಮ್ಮ ಅಂಗಡಿಯ ಒಂದು ಮೂಲೆಯಲ್ಲಿ ನಾಯಿಮರಿ ದತ್ತು ಕೊಡುವ ಕೆಲಸವೂ ನಡೆಯುತ್ತದೆ, ನಿಮಗೆ ಗೊತ್ತೇ ಇದೆ. ಬೀದಿಯಲ್ಲಿ ಸಿಕ್ಕ ಮರಿಗಳನ್ನು ಉಳಿಸಿದವರು ಒಂದು ಕಡೆ, ಸಾಕುತ್ತೇವೆ ಎನ್ನುವವರು ಇನ್ನೊಂದು ಕಡೆ, ನಡುವೆ ನಾವು. ಈ ಕೆಲಸವನ್ನು ನಾವೇ ಸುಮ್ನೆ ಕಷ್ಟ ಮಾಡಿಟ್ಟಿದ್ದೆವು. ಬರುವ ಸೋಮವಾರದಿಂದ ಅದನ್ನು ಬದಲಾಯಿಸುತ್ತಿದ್ದೇವೆ.

ಕಳೆದ ಮಳೆಗಾಲದಲ್ಲಿ ಧಾರವಾಡದಿಂದ ಒಬ್ಬ ನಿವೃತ್ತ ಮಾಸ್ತರರು ಚಿಗರಿ ಬಸ್ಸು ಹತ್ತಿ ಬಂದರು. ಒಂದು ಕರಿ ಮರಿ ಅವರ ಚಪ್ಪಲಿಯ ಬಾರು ಹಿಡಿದು ಬಿಡಲೇ ಇಲ್ಲ. ನಾವು ನಾಲ್ಕು ಹಾಳೆಯ ಫಾರ್ಮ್ ಕೊಟ್ಟೆವು. ಸಂಬಳ ಎಷ್ಟು ಅಂತಲೂ ಕೇಳಿತ್ತು ಅದು. ಎರಡನೇ ಸಲ ಬಂದಾಗ ಮನೆ ಮಾಲೀಕರ ಪತ್ರ ಇಲ್ಲ ಅಂತ ಕಳಿಸಿದೆವು. ಮೂರನೇ ಸಲ ಪತ್ರ ತಂದರು, ಮನೆ ನೋಡಲು ಹೋಗಬೇಕಾದ ನಮ್ಮ ಹುಡುಗ ರಜೆಯಲ್ಲಿದ್ದ. "ನನಗೆ ಹೆಣ್ಣು ಕೊಡುವಾಗ ನಮ್ಮ ಮಾವನೂ ಇಷ್ಟು ಕೇಳಿರಲಿಲ್ರೀ" ಅಂತ ನಕ್ಕು ಹೋದವರು ಮತ್ತೆ ಬರಲಿಲ್ಲ. ಆ ಮರಿ ನಮ್ಮಲ್ಲೇ ಬೆಳೆದು, ಈಗ ಗಲ್ಲಾ ಪೆಟ್ಟಿಗೆಯ ಕೆಳಗೆ ಮಲಗುತ್ತದೆ.

ಇನ್ನು ಮುಂದೆ ಒಂದೇ ಹಾಳೆ. ಸಂಬಳ ಕೇಳುವುದಿಲ್ಲ. ಬಾಡಿಗೆ ಮನೆಯಾದರೆ ಮಾಲೀಕರ ಜೊತೆ ನಾವೇ ಫೋನಿನಲ್ಲಿ ಮಾತಾಡುತ್ತೇವೆ. ಮನೆಯನ್ನು ವಿಡಿಯೊ ಕಾಲ್‌ನಲ್ಲಿ ತೋರಿಸಿದರಾಯಿತು. ನಾವು ನೋಡುವುದು ಗೇಟಿನ ಸಂದಿ, ತಾರಸಿಯ ಗೋಡೆ, ಅಷ್ಟೇ.

ಒಂದು ಪ್ರಶ್ನೆ ಮಾತ್ರ ಹೊಸದು. ನಿಮ್ಮ ಮನೆಯಲ್ಲಿ ಈ ಒಂದು ವರ್ಷದಲ್ಲಿ ಯಾವುದಾದರೂ ಮರಿ ರಕ್ತಭೇದಿಯಾಗಿ ಸತ್ತಿತ್ತಾ? ಪಾರ್ವೊ (ಮರಿಗಳಿಗೆ ಬರುವ ಅಂಟುರೋಗ) ಆಗಿದ್ದರೆ ಅದರ ವೈರಸ್ ಅಂಗಳದಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ, ಹೊಸ ಮರಿಯೂ ಹೋಗಿಬಿಡಬಹುದು. ಮುಚ್ಚಿಡಬೇಡಿ. ಅಂಥವರಿಗೆ ಲಸಿಕೆ ಪೂರ್ತಿ ಆದ ದೊಡ್ಡ ನಾಯಿ ಕೊಡುತ್ತೇವೆ.

ಮರಿ ಉಳಿಸಿದವರ ಫೋನಿಗೂ ಇನ್ನು ಸ್ವಲ್ಪ ಬಿಡುವು. ಫೋಟೊ, ವಯಸ್ಸು, ಆದ ಲಸಿಕೆ ಎಲ್ಲ ನಮ್ಮ ರಿಜಿಸ್ಟರ್‌ನಲ್ಲೇ ಇರುತ್ತದೆ, ಕೇಳಿದವರಿಗೆ ನಾವೇ ಹೇಳುತ್ತೇವೆ. ಒಬ್ಬರು ಒಪ್ಪಿದ ಮರಿ ಎರಡು ದಿನ ಅವರಿಗೇ ಮೀಸಲು. ಒಂದೇ ಮರಿಯನ್ನು ಇಬ್ಬರಿಗೆ ಹೇಳಿ ಬೈಸಿಕೊಂಡಿದ್ದೇವೆ, ಸಾಕು.

ಎಂಟು ವಾರ ತುಂಬದ ಮರಿಯನ್ನು ಮಾತ್ರ, ಯಾರು ಹೇಳಿದರೂ, ತಾಯಿಯಿಂದ ಬಿಡಿಸಿ ಕೊಡುವುದಿಲ್ಲ. ಮೂರು ತಿಂಗಳಿಗೆ ರೇಬೀಸ್ ಲಸಿಕೆ, ಆರು ತಿಂಗಳ ಸುಮಾರಿಗೆ ಮಕ್ಕಳಾಗದ ಆಪರೇಷನ್ ಮಾಡಿಸಬೇಕು. ತಾರೀಖು ನಾವು ನೆನಪಿಸುತ್ತೇವೆ. ಹೊಂದಿಕೆ ಆಗದಿದ್ದರೆ ಯಾವಾಗ ಬೇಕಾದರೂ ನಮಗೇ ತಂದುಕೊಡಿ, ಯಾಕೆ ಅಂತ ಜಗಳ ಮಾಡುವುದಿಲ್ಲ. ರಾತ್ರಿ ಉಣಕಲ್ ಕೆರೆಯ ಹತ್ತಿರ ಬಿಟ್ಟು ಹೋಗಬೇಡಿ.

ಊಟದ ಬಗ್ಗೆ ಎಲ್ಲರೂ ಕೇಳುತ್ತಾರೆ. ಮೊದಲ ವಾರ ಇಲ್ಲಿ ತಿನ್ನುತ್ತಿದ್ದದ್ದನ್ನೇ ಹಾಕಿ, ಒಮ್ಮೆಲೇ ಬದಲಾದರೆ ಹೊಟ್ಟೆ ಕೆಡುತ್ತದೆ. ಆಮೇಲೆ ನಮ್ಮಲ್ಲಿನ ನಾಯಿ ಆಹಾರದ ಚೀಲವನ್ನೇ ಕೊಳ್ಳಬೇಕು ಅಂತೇನಿಲ್ಲ (ಅಂಗಡಿಯವರೇ ಹೀಗೆ ಹೇಳಬಾರದು, ಅಲ್ವಾ). ಅನ್ನ, ಬೇಯಿಸಿದ ತತ್ತಿ ಹಾಕಬಹುದು. ಉಳ್ಳಾಗಡ್ಡಿ ಬಿದ್ದ ಸಾರು, ಪಲ್ಯ ಬೇಡ, ದ್ರಾಕ್ಷಿಯಂತೂ ಬೇಡವೇ ಬೇಡ.

ಒಯ್ಯುವ ಹಿಂದಿನ ದಿನ ಹಳೇ ಕೌದಿಯ ತುಂಡೊಂದು ತಂದುಕೊಡಿ. ರಾತ್ರಿ ಅದನ್ನು ತಾಯಿ ನಾಯಿಯ ಮಗ್ಗುಲಲ್ಲಿ ಹಾಸಿಡುತ್ತೇವೆ. ವಾಸನೆ ಜೊತೆಗಿದ್ದರೆ ಮರಿ ಹೊಸ ಮನೆಯಲ್ಲಿ ಅಳುವುದು ಕಡಿಮೆ.

ಇಂತಿ,
ನಿಮ್ಮ ಅಂಗಡಿಯವರು
ಕೇಶ್ವಾಪುರ, ಹುಬ್ಬಳ್ಳಿ