‘ಅರ್ಥ ಆಯ್ತಾ?’ ಎಂದು ಕೇಳಬೇಡ

ಶಿರಸಿ

ಚಿರಂಜೀವಿ ಕೂಸಿಗೆ ದೊಡ್ಡಾಯಿಯ ಆಶೀರ್ವಾದ.

‘ಅರ್ಥ ಆಯ್ತಾ?’ ಅಂದರೆ ತರಗತಿಯವರೆಲ್ಲ ‘ಹೌದು ಟೀಚರ್’ ಅಂತಾರೆ, ನೋಟ್ ಪುಸ್ತಕ ತೆಗೆಸಿದರೆ ಅರ್ಧ ಜನರದು ಖಾಲಿ ಎಂದು ಫೋನಿನಲ್ಲಿ ಗೋಳಾಡಿದೆಯಲ್ಲ. ಆ ಪ್ರಶ್ನೆಗೆ ಮಕ್ಕಳ ಹತ್ತಿರ ಬೇರೆ ಉತ್ತರವೇ ಇಲ್ಲ ಮಾರಾಯ್ತಿ! ಅದನ್ನು ಕೇಳುವುದನ್ನೇ ಬಿಡು. ‘ಈಗ ಮೊದಲು ಏನು ಮಾಡ್ತೀ?’ ಎಂದು ಕೇಳು, ಅದೂ ಹಿಂದಿನ ಸಾಲಿನವನನ್ನು. ಅವನು ತಡವರಿಸಿದರೆ ಗದರಿಸಬೇಡ, ಇನ್ನೊಮ್ಮೆ ಬೇರೆ ರೀತಿ ಹೇಳು.

ನೀರು ಆವಿಯಾಗುವ ಪಾಠ ಬಂತು ಅಂದೆ. ಸಮುದ್ರದ ನೀರು ಒಣಗಿಸಿ ಉಪ್ಪು ತೆಗೆಯುವ ಸಾಣಿಕಟ್ಟಾದ ಆಗರ ನಿನ್ನ ಮಕ್ಕಳು ದಿನಾ ನೋಡುವಂಥದ್ದು. ವ್ಯಾಖ್ಯೆ ಬರೆಸುವುದು ಆಮೇಲೆ. ಆಗರದಲ್ಲಿ ನೀರನ್ನು ಅಷ್ಟು ತೆಳುವಾಗಿ ಯಾಕೆ ನಿಲ್ಲಿಸುತ್ತಾರೆ ಎಂದು ಮೊದಲು ಕೇಳು. ಅರ್ಧ ಲೋಟ ಉಪ್ಪುನೀರು ಅಗಲ ತಾಟಿನಲ್ಲಿ, ಅಷ್ಟೇ ನೀರು ಲೋಟದಲ್ಲಿ, ಎರಡೂ ಬಿಸಿಲಿಗೆ. ತಾಟು ಮೊದಲು ಒಣಗುತ್ತದೆ. ಗಾಳಿ-ಬಿಸಿಲಿಗೆ ತೆರೆದ ಜಾಗ ಹೆಚ್ಚಿದ್ದದ್ದಕ್ಕೆ ಎಂಬುದು ಅವರ ಬಾಯಲ್ಲೇ ಬರಲಿ. ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪು ಎಂದು ಬೋರ್ಡಿನ ಮೇಲೆ ಬರೆದರೆ ಯಾರಿಗೂ ಏನೂ ಕಾಣುವುದಿಲ್ಲ, ಅಷ್ಟನ್ನು ತೂಗಿ ಅಂಗೈ ಮೇಲೆ ಹಾಕು. ಜುಲೈಯಲ್ಲಿ ಮಾತ್ರ ಇದಕ್ಕೆ ಕೈ ಹಾಕಬೇಡ. ನಮ್ಮ ಕಡೆ ಆಗ ಗಾಳಿಯಲ್ಲೇ ನೀರು ತುಂಬಿರುತ್ತದೆ, ಉಟ್ಟ ಬಟ್ಟೆ ಒಣಗುವುದಿಲ್ಲ. ಆಗರದವರೂ ಕೆಲಸ ನಿಲ್ಲಿಸಿರುತ್ತಾರೆ. ಪಾಠವನ್ನು ಮಳೆ ಕಳೆದ ಮೇಲೆ ಇಟ್ಟುಕೋ.

ಮತ್ತೆ, ಹೇಳಿ ಮುಗಿಯುವ ತನಕ ಸಾಮಾನು ಹಂಚಬೇಡ. ತಾಟು ಕೈಗೆ ಸಿಕ್ಕಿತೋ, ನಿನ್ನ ಮಾತು ಯಾರ ಕಿವಿಗೂ ಬೀಳುವುದಿಲ್ಲ. ‘ಸ್ವಲ್ಪ ಉಪ್ಪು’ ಅಂದರೆ ಒಬ್ಬ ಚಿಟಿಕೆ ಹಾಕುತ್ತಾನೆ, ಇನ್ನೊಬ್ಬ ಮುಷ್ಟಿ. ‘ಎರಡು ಚಮಚ ಹಾಕಿ, ಹರಳು ಕಾಣದ ಹಾಗೆ ಕದಡಿ’ ಅನ್ನು. ಅಂದಮೇಲೆ ಸುಮ್ಮನಿರು. ನಡುವೆ ‘ಹಾಂ, ಮತ್ತೊಂದು’ ಎಂದು ಬಾಲ ಸೇರಿಸುವುದು ನಮ್ಮ ಮನೆತನದ ಚಾಳಿ, ನಿನ್ನಪ್ಪನಿಗಂತೂ ಜಾಸ್ತಿ.

ಕೊಂಕಣಿ ಮಕ್ಕಳು ಪಕ್ಕದವನಿಗೆ ಕೊಂಕಣಿಯಲ್ಲೇ ವಿವರಿಸಿದರೆ ತಡೆಯಬೇಡ. ಕನ್ನಡ ಬರೆಯುವಾಗ ಬರಲಿ.

ಘಟ್ಟ ಇಳಿಯುವವರ ಕೈಯಲ್ಲಿ ಹಲಸಿನ ಹಪ್ಪಳ ಕಳಿಸುತ್ತೇನೆ. ಚಮಚ ಎಲ್ಲ ಒಂದೇ ಅಳತೆಯದ್ದು ಬೇಕಲ್ಲ, ಇಲ್ಲಿಂದಲೇ ಒಂದು ಡಜನ್ ಕಟ್ಟಿಕೊಡಲೇ? ತಿಳಿಸು.

ನಿನ್ನ ದೊಡ್ಡಾಯಿ