ಕಾರಿಗೆ ಬೈಕಿನ ಕಾರ್ಬುರೇಟರ್, ಅಪ್ಪನಿಗೊಂದು ಕಾಗದ

ಕವೆಂಟ್ರಿ, ಇಂಗ್ಲೆಂಡ್,
ಭಾನುವಾರ

ತೀರ್ಥರೂಪರಾದ ಅಪ್ಪನವರಿಗೆ ನಿಮ್ಮ ಮಗ ರವಿ ಮಾಡುವ ನಮಸ್ಕಾರಗಳು. ನಾನು ಕ್ಷೇಮ. ನಿಮ್ಮೆಲ್ಲರ ಕ್ಷೇಮಕ್ಕೆ ಬರೆಯಿರಿ.

ನಿಮ್ಮ ಕಾಗದ ಬುಧವಾರ ಬಂತು. ಎರಡನೇ ಪುಟದಲ್ಲಿ ಸಾಲುಗಳು ಒಂದರ ಮೇಲೊಂದು ಹತ್ತಿವೆ ಅಪ್ಪ. "ಕಣ್ಣಿನ ಪೊರೆ ಇನ್ನೂ ಬಲಿತಿಲ್ಲ, ದೀಪಾವಳಿ ಕಳೀಲಿ" ಅನ್ನೋದನ್ನು ಓದಲು ಕಿಟಕಿ ಹತ್ತಿರ ಹೋಗಬೇಕಾಯ್ತು. ಫೋನಿನಲ್ಲಿ ಕೇಳಿದರೆ ಮಾತು ತಿರುಗಿಸುತ್ತೀರಿ. ಅದಕ್ಕೇ ಬರೆಯುತ್ತಿದ್ದೇನೆ. ಸುಮಾ, ಇದನ್ನು ಅಪ್ಪನಿಗೆ ಪೂರ್ತಿ ಓದಿ ಹೇಳು. ಒಂದು ಸಾಲೂ ಬಿಡಬೇಡ.

ಮೊದಲು, ನಾನು ದುಡ್ಡು ಸುರಿದು ಕಾರು ಕೊಂಡೆ ಅನ್ನುವ ಅಮ್ಮನ ಭಯ. ನಾನು ಕಳಿಸಿದ ಫೋಟೊದಲ್ಲಿರುವ ಕಾರು ನನ್ನದಲ್ಲ. ನನ್ನ ಒಂದು ಪೈಸೆಯೂ ಅದಕ್ಕೆ ಹೋಗಿಲ್ಲ. ಪಕ್ಕದ ಮನೆ ಯಜಮಾನರ ಫೋರ್ಡ್ ಎಸ್ಕಾರ್ಟ್ ಅದು, 1978ರದು, 1600 ಸಿಸಿ. ಅವರಿಗೆ 72 ವರ್ಷ. ಹೆಸರು ಹಿಡಿದೇ ಕರಿ ಅನ್ನುತ್ತಾರೆ, ನನಗೆ ಬಾಯಿ ಬರುವುದಿಲ್ಲ. ಅಂಕಲ್ ಅನ್ನುತ್ತೇನೆ. ಇಲ್ಲಿ 40 ವರ್ಷ ದಾಟಿದ ಕಾರಿಗೆ ಅರ್ಜಿ ಹಾಕಿಕೊಂಡರೆ ರಸ್ತೆ ತೆರಿಗೆಯೇ ಇಲ್ಲ! ನಮ್ಮಲ್ಲಿ 15 ವರ್ಷಕ್ಕೇ ಹಸಿರು ತೆರಿಗೆ ಕೇಳುತ್ತಾರೆ, ಅಲ್ವಾ?

ಆ ಕಾರಿಗೆ ಯಮಹಾ ಆರ್1 ಬೈಕಿನ ನಾಲ್ಕು ಕಾರ್ಬುರೇಟರ್ ಕೂರಿಸಿದ್ದೇವೆ. (ಸುಮಾ, ಗಾಳಿಗೆ ಪೆಟ್ರೋಲ್ ಬೆರೆಸಿ ಇಂಜಿನ್ನಿಗೆ ಕೊಡೋದೇ ಕಾರ್ಬುರೇಟರ್.) ನೀವು ನಂಬುವುದಿಲ್ಲ ಅಂತ ಗೊತ್ತು, ಲೆಕ್ಕ ಹಾಕಿ ನೋಡಿ. ಬೈಕಿನ ಒಂದು ಸಿಲಿಂಡರ್ 250 ಸಿಸಿ, 10,000 ಆರ್‌ಪಿಎಂ ತಿರುಗುತ್ತದೆ. ಕಾರಿನದು 400 ಸಿಸಿ, 6,000 ತಿರುಗುತ್ತದೆ. ಗುಣಿಸಿದರೆ ಎರಡೂ ಎಳೆಯುವ ಗಾಳಿ ಹೆಚ್ಚುಕಮ್ಮಿ ಒಂದೇ. ಹಾಗಾಗಿ 40 ಎಂಎಂ ಬಾಯಿ ಎರಡಕ್ಕೂ ಸರಿಹೋಗುತ್ತದೆ. 2002ರಲ್ಲಿ ಆ ಬೈಕಿಗೆ ಕಾರ್ಬುರೇಟರ್ ಬದಲು ಇಂಜೆಕ್ಷನ್ ಬಂತು, ಇವು ಅದಕ್ಕಿಂತ ಹಿಂದಿನವು. ಕಾರಿನ ಹೊಸ ವೆಬರ್ ಕಾರ್ಬುರೇಟರ್ ಜೋಡಿ ಕೊಳ್ಳೋದಕ್ಕಿಂತ ಎಷ್ಟೋ ಅಗ್ಗ.

ಮೊದಲ ದಿನ ಪೆಟ್ರೋಲ್ ಉಕ್ಕಿ ಚೆಲ್ಲಿತು. ಕಾರಿನ ಪಂಪ್ ಜೋರಾಗಿ ತಳ್ಳುತ್ತದೆ, ಕಾರ್ಬುರೇಟರಿಗೆ ಬರುವ ಪೆಟ್ರೋಲ್ ನಿಲ್ಲಿಸಬೇಕಾದ ಬೈಕಿನ ಫ್ಲೋಟ್ ಸೂಜಿ ಅದನ್ನು ತಡೆಯುವುದಿಲ್ಲ. ರೆಗ್ಯುಲೇಟರ್ ಹಾಕಿ ಒತ್ತಡವನ್ನು 2.5 ಪಿಎಸ್‌ಐಗೆ ಇಳಿಸಿದ ಮೇಲೆ ನಿಂತಿತು. ಅಮ್ಮಾ, ಗಾಬರಿ ಬೇಡ. ಇಂಜಿನ್ ತಣ್ಣಗಿತ್ತು, ಶೆಡ್ಡಿನ ಬಾಗಿಲು ತೆರೆದಿತ್ತು, ಬೆಂಕಿ ಆರಿಸುವ ಸಿಲಿಂಡರ್ ಕೈಯಳತೆಯಲ್ಲೇ ಇತ್ತು. ಏನೇನೂ ಅಪಾಯ ಇಲ್ಲ. ನಿಜವಾಗಿಯೂ ಇಲ್ಲ.

ಆಮೇಲೆ ಆಕ್ಸಿಲರೇಟರ್ ಬಿಟ್ಟರೆ ಮೂರನೇ ಸಿಲಿಂಡರ್ ಸ್ಲೋ ನಿಲ್ಲಲಿಲ್ಲ, ಕೆಮ್ಮುತ್ತಿತ್ತು. ನಾಲ್ಕಕ್ಕೂ ಗಾಳಿಯ ಎಳೆತ ಅಳೆಯುವ ವ್ಯಾಕ್ಯೂಮ್ ಗೇಜ್ ಹಾಕಿ ಸಮ ಮಾಡಲು ನೋಡಿದೆವು, ಆಗಲಿಲ್ಲ. ಆಗ ನೀವು ಮಾಡುತ್ತಿದ್ದ ಹಾಗೇ ಒಂದು ಮೊಳ ರಬ್ಬರ್ ಪೈಪನ್ನು ಕಿವಿಗಿಟ್ಟುಕೊಂಡು, ಇನ್ನೊಂದು ತುದಿಯನ್ನು ಜಾಯಿಂಟ್‌ಗಳ ಸುತ್ತ ಓಡಿಸಿದೆ. ಮೂರನೆಯದರ ಬುಡದಲ್ಲಿ 'ಸ್ಸ್' ಅಂತ ಕೇಳಿತು. ರಬ್ಬರ್ ಬಿರುಕು ಬಿಟ್ಟು ಗಾಳಿ ಎಳೆಯುತ್ತಿತ್ತು. ಇದನ್ನು ಯಾರು ಕಲಿಸಿದ್ದು ಅಂತ ಅಂಕಲ್ ಕೇಳಿದರು. ನಮ್ಮಪ್ಪ, ಮೈಸೂರಿನ ಮೆಕ್ಯಾನಿಕ್ ಅಂದೆ. ಜಾವಾ, ಯೆಜ್ಡಿ ನಮ್ಮೂರಿನಲ್ಲೇ ತಯಾರಾಗುತ್ತಿದ್ದವು ಅಂದಾಗ ಕೈಯಲ್ಲಿದ್ದ ಟೀ ಕೆಳಗಿಟ್ಟು ಎಲ್ಲಾ ಕೇಳಿಸಿಕೊಂಡರು.

ಪೆಟ್ರೋಲನ್ನು ಅಳತೆಯಲ್ಲಿ ಬಿಡುವ ಮೈನ್ ಜೆಟ್ ಬದಲಾಯಿಸುವಾಗ ಮಾತ್ರ ಕೈ ನಿಂತುಹೋಯ್ತು. ಆ ಹಿತ್ತಾಳೆ ಚೂರಿನ ಮೇಲಿನ ನಂಬರ್ ಎಳ್ಳುಕಾಳಿಗಿಂತ ಚಿಕ್ಕದು. ನನಗೇ ಟಾರ್ಚ್ ಬೇಕಾಯ್ತು. ಸ್ಪಾರ್ಕ್ ಪ್ಲಗ್ ಬೆಳ್ಳಗಿದ್ದರೆ ಪೆಟ್ರೋಲ್ ಕಮ್ಮಿ, ಮಸಿ ಹಿಡಿದಿದ್ದರೆ ಜಾಸ್ತಿ, ಕಾಫಿಪುಡಿ ಬಣ್ಣ ಇದ್ದರೆ ಸರಿ ಅಂತ ಕಲಿಸಿದವರು ನೀವು. ಈಗ ಪ್ಲಗ್ ಬಿಚ್ಚಿದರೆ ಗ್ಯಾರೇಜಿನ ಹುಡುಗನನ್ನು ಕರೆದು "ಯಾವ ಬಣ್ಣ ಇದೆ ನೋಡೋ" ಅನ್ನುತ್ತೀರಂತೆ. ಸುಮಾ ಹೇಳಿದಳು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ ಅಪ್ಪ.

ಪೊರೆ ಬಲಿಯಲಿ ಅಂತ ಕಾಯೋದು ಹಳೇ ಕಾಲದ ಮಾತು. ಬಲಿತಷ್ಟೂ ಗಟ್ಟಿಯಾಗುತ್ತದೆ, ತೆಗೆಯೋದು ಕಷ್ಟ. ಈಗ ಆಪರೇಷನ್ ಅರ್ಧ ಗಂಟೆಯೂ ಹಿಡಿಯಲ್ಲ, ಸಾಮಾನ್ಯವಾಗಿ ಅವತ್ತೇ ಮನೆಗೆ ಕಳಿಸುತ್ತಾರೆ. ಒಂದು ಕಣ್ಣು ಮೊದಲು, ಇನ್ನೊಂದು ಆಮೇಲೆ. ಸಕ್ಕರೆ ಮಾತ್ರ ಹತೋಟಿಯಲ್ಲಿರಬೇಕು, ಅದನ್ನು ಅಮ್ಮ ನೋಡಿಕೊಳ್ಳುತ್ತಾಳೆ. ಸುಮಾಳ ಮದುವೆಗೆ ಇಟ್ಟ ದುಡ್ಡು ಮುಟ್ಟಬೇಡಿ. ಅಂಕಲ್ ನನಗೆ ಬೇಡ ಬೇಡ ಅಂದರೂ 250 ಪೌಂಡ್ ಕೂಲಿ ಕೊಟ್ಟರು. ಅದಕ್ಕೆ ನನ್ನದೂ ಒಂದಷ್ಟು ಸೇರಿಸಿ ಶುಕ್ರವಾರ ಸುಮಾಳ ಅಕೌಂಟಿಗೆ ಹಾಕಿದ್ದೇನೆ. ಅದು ನೀವು ಕಲಿಸಿದ ವಿದ್ಯೆಯಿಂದ ಬಂದ ದುಡ್ಡು, ನಿಮ್ಮ ಕಣ್ಣಿಗೇ ಹೋಗಬೇಕು. ಬೇರೆ ಯಾವುದಕ್ಕೂ ಅಲ್ಲ.

ಸುಮಾ, ನಾಳೆಯೇ ಡಾಕ್ಟರ್ ಹತ್ತಿರ ದಿನ ಗೊತ್ತು ಮಾಡಿ ಮೆಸೇಜ್ ಹಾಕು. ನನಗೆ ಇಲ್ಲಿ ಏನೂ ತೊಂದರೆ ಇಲ್ಲ, ಊಟ ಚೆನ್ನಾಗಿದೆ, ಚಳಿಗೆ ಸ್ವೆಟರ್ ಇದೆ, ಕೆಮ್ಮೂ ಹೋಯ್ತು. ನೈಟ್ ಶಿಫ್ಟ್ ಬಸ್ಸಿಗೆ ಹೊತ್ತಾಯ್ತು. ಅಜ್ಜಿಗೆ ನಮಸ್ಕಾರ ಹೇಳಿ.

ನಿಮ್ಮ ಮಗ,
ರವಿ