ಕಾಡಿನ ಒಡೆತನ ತೀರ್ಮಾನವಾಗುವ ಮೊದಲು ಮರ ಉರುಳದಿರಲಿ: ಹೋಪ್‌ಡೇಲ್ ಪ್ರದೇಶದ ಅಮೆರಿಕ ಕಾಂಗ್ರೆಸ್ (ಸಂಸತ್ತಿನ) ಸದಸ್ಯರಿಗೆ ಬಹಿರಂಗ ಪತ್ರ

ಮಾನ್ಯ ಸದಸ್ಯರೇ,

ಮ್ಯಾಸಚೂಸೆಟ್ಸ್ ರಾಜ್ಯದ ಹೋಪ್‌ಡೇಲ್ ಪಟ್ಟಣಕ್ಕೂ ಗ್ರಾಫ್ಟನ್ ಅಂಡ್ ಅಪ್ಟನ್ ರೈಲು ಕಂಪನಿಗೂ ವೆಸ್ಟ್ ಸ್ಟ್ರೀಟಿನ ಕಾಡಿನ ವಿಷಯದಲ್ಲಿ 2020ರಲ್ಲಿ ಹುಟ್ಟಿದ ವ್ಯಾಜ್ಯ ಭೂ ನ್ಯಾಯಾಲಯ, ಸುಪೀರಿಯರ್ ನ್ಯಾಯಾಲಯ, ಮೇಲ್ಮನವಿ ನ್ಯಾಯಾಲಯಗಳ ಮೆಟ್ಟಿಲು ಹತ್ತಿದೆ. ಯಾರು ಗೆಲ್ಲಬೇಕೆಂದು ಹೇಳುವುದು ನ್ಯಾಯಾಧೀಶರ ಕೆಲಸ. ಅದಕ್ಕಾಗಿ ನಿಮಗೆ ಬರೆಯುತ್ತಿಲ್ಲ. ಈ ವ್ಯಾಜ್ಯ ಇಷ್ಟು ಜಟಿಲವಾಗಲು ಕಾರಣವಾದ ಕೊರತೆಯೊಂದು ಫೆಡರಲ್ ಕಾನೂನಿನಲ್ಲಿದೆ ಮತ್ತು ಅದನ್ನು ಸರಿಪಡಿಸುವ ಅಧಿಕಾರ ಕಾಂಗ್ರೆಸ್ಸಿಗಿದೆ. ಈ ರಾಜ್ಯದಲ್ಲೇ ನೆಲೆನಿಂತು ಮತ ಹಾಕುವ ಕನ್ನಡಿಗನಾದ ನಾನು, ನನ್ನ ಭಾಷೆಯವರಿಗೂ ವಿಷಯ ತಿಳಿಯಲೆಂದು ಇದನ್ನು ಬಹಿರಂಗವಾಗಿ ಬರೆಯುತ್ತಿದ್ದೇನೆ.

ರಾಜ್ಯ ಕಾನೂನಿನ 61ನೇ ಅಧ್ಯಾಯ ಮೂಲತಃ ಒಂದು ಕೊಡುಕೊಳ್ಳುವಿಕೆ. ಕಾಡನ್ನು ಕಾಡಾಗಿಯೇ ಇಟ್ಟುಕೊಳ್ಳುವ ಮಾಲೀಕನಿಗೆ ಪಟ್ಟಣ ತೆರಿಗೆಯಲ್ಲಿ ರಿಯಾಯಿತಿ ಕೊಡುತ್ತದೆ. ಅದಕ್ಕೆ ಪ್ರತಿಯಾಗಿ, ಮಾಲೀಕ ಆ ಜಮೀನನ್ನು ವಸತಿಗೋ ಕೈಗಾರಿಕೆಗೋ ಮಾರಲು ಹೊರಟಾಗ ಅದೇ ಬೆಲೆಗೆ ತಾನೇ ಕೊಳ್ಳುವ ಮೊದಲ ಹಕ್ಕು 120 ದಿನಗಳ ಕಾಲ ಪಟ್ಟಣಕ್ಕಿರುತ್ತದೆ. ವೆಸ್ಟ್ ಸ್ಟ್ರೀಟಿನ ಸುಮಾರು 155 ಎಕರೆ ಆಸ್ತಿಯಲ್ಲಿ 130 ಎಕರೆ ಹೀಗೆ ರಿಯಾಯಿತಿ ಪಡೆದ ಕಾಡು. ಉಳಿದದ್ದು ಜೌಗು ನೆಲ. ಭೂದೃಶ್ಯ ವಿನ್ಯಾಸಕ ವಾರೆನ್ ಮ್ಯಾನಿಂಗ್ ರೂಪಿಸಿದ ಪಟ್ಟಣದ ಉದ್ಯಾನ ಪಾರ್ಕ್‌ಲ್ಯಾಂಡ್ಸ್‌ಗೆ ಇದು ಹೊಂದಿಕೊಂಡಿದೆ, ಕುಡಿಯುವ ನೀರಿನ ರಕ್ಷಣೆಗೂ ಇದು ಬೇಕೆಂಬುದು ನಿವಾಸಿಗಳ ವಾದ. 2020ರ ಅಕ್ಟೋಬರ್ 24ರಂದು ಪಟ್ಟಣ ಸಭೆ (ಊರಿನ ಮತದಾರರೇ ನೇರವಾಗಿ ಮತ ಹಾಕುವ ಸಭೆ) ಸೇರಿ, 11.75 ಲಕ್ಷ ಡಾಲರ್ ಕೊಟ್ಟು ಕಾಡನ್ನು ಕೊಳ್ಳಲು ಒಪ್ಪಿಗೆ ಕೊಟ್ಟಿತು. ಸುಮಾರು ಆರು ಸಾವಿರ ಜನರ ಊರಿಗೆ ಅದು ಸಣ್ಣ ಮೊತ್ತವಲ್ಲ. ಆದರೆ ಅಷ್ಟರೊಳಗೆ ರೈಲು ಕಂಪನಿ, ಜಮೀನಿನ ಬದಲು ಜಮೀನನ್ನು ಹೊಂದಿದ್ದ ಟ್ರಸ್ಟಿನ ಫಲಾನುಭವಿ ಹಕ್ಕನ್ನೇ, ಅಂದರೆ ಅದರ ಆಸ್ತಿಯ ಲಾಭ ಪಡೆಯುವ ಹಕ್ಕನ್ನೇ, ಕೊಂಡಿತ್ತು. ಮರ ಕಡಿಯುವುದೂ ಆರಂಭವಾಯಿತು.

2021ರ ಫೆಬ್ರವರಿಯಲ್ಲಿ ಪಟ್ಟಣದ ಚುನಾಯಿತ ಆಡಳಿತ ಮಂಡಳಿಯಾದ ಸೆಲೆಕ್ಟ್ ಬೋರ್ಡ್ ಆ ಆಸ್ತಿಯ ಒಂದು ಭಾಗಕ್ಕೆ ಮಾತ್ರ ತೃಪ್ತಿಪಟ್ಟು ಕಂಪನಿಯೊಂದಿಗೆ ರಾಜಿ ಮಾಡಿಕೊಂಡಾಗ ನಾಗರಿಕರೇ ನ್ಯಾಯಾಲಯಕ್ಕೆ ಹೋದರು. ಪಟ್ಟಣ ಸಭೆ ಒಪ್ಪಿದ್ದು ಇಡೀ ಕಾಡನ್ನು ಕೊಳ್ಳಲು. ಕಡಿಮೆ ಭಾಗವನ್ನು ಕೊಳ್ಳಬೇಕಾದರೆ ಸಭೆಯ ಒಪ್ಪಿಗೆ ಬೇಕೆಂದು ಸುಪೀರಿಯರ್ ನ್ಯಾಯಾಲಯ ಅದೇ ನವೆಂಬರಿನಲ್ಲಿ ತೀರ್ಪಿತ್ತಿತು. ಸಾಮಾನ್ಯ ಜನ ಕೈ ಎತ್ತಿ ಕೊಟ್ಟ ಮತಕ್ಕೆ ಸಿಕ್ಕ ಆ ಮನ್ನಣೆಯನ್ನು ನಾನು ದೊಡ್ಡದೆಂದೇ ಎಣಿಸುತ್ತೇನೆ.

ಈ ಊರಿಗೆ ರೈಲು ಹೊರಗಿನದಲ್ಲ. 1873ರಲ್ಲಿ ಹುಟ್ಟಿದ ಈ ಮಾರ್ಗ ಡ್ರೇಪರ್ ಮಗ್ಗ ಕಾರ್ಖಾನೆಗೆ ದಶಕಗಳ ಕಾಲ ಸೇವೆ ಸಲ್ಲಿಸಿದೆ. ಸರಕು ಲಾರಿಯಿಂದ ರೈಲಿಗೆ ಬಂದರೆ ರಸ್ತೆಗಳಿಗೂ ಗಾಳಿಗೂ ಒಳಿತು. ಹಳಿ ಹಾದುಹೋಗುವ ಪ್ರತಿಯೊಂದು ಊರೂ ತನ್ನದೇ ನಿಯಮ ಹೇರಿದರೆ ರೈಲು ಓಡಲಾರದು ಎಂಬುದನ್ನೂ ಒಪ್ಪುತ್ತೇನೆ. 1995ರಲ್ಲಿ ಕಾಂಗ್ರೆಸ್ ಅಂತರರಾಜ್ಯ ವಾಣಿಜ್ಯ ಆಯೋಗವನ್ನು ರದ್ದುಮಾಡಿದಾಗ, ರೈಲು ಸಾಗಣೆಯ ಮೇಲಿನ ಅಧಿಕಾರವನ್ನು ಪೂರ್ತಿಯಾಗಿ ಸರ್ಫೇಸ್ ಟ್ರಾನ್ಸ್‌ಪೋರ್ಟೇಷನ್ ಬೋರ್ಡ್ ಎಂಬ ಫೆಡರಲ್ ನಿಯಂತ್ರಣ ಸಂಸ್ಥೆಗೆ ವಹಿಸಿದ್ದರ ಹಿಂದಿನ ತರ್ಕ ಅದೇ.

ಆದರೆ ಆ ಕಾಯ್ದೆಯಲ್ಲಿ ‘ಸಾಗಣೆ’ ಎಂಬ ಮಾತಿನ ವ್ಯಾಪ್ತಿಗೆ ಯಾರ್ಡು, ಗೋದಾಮು, ಆಸ್ತಿ ಎಲ್ಲವೂ ಬರುವುದರಿಂದ, ಜಮೀನು ಒಮ್ಮೆ ರೈಲು ಕಂಪನಿಯ ಕೈಸೇರಿ ಸಾಗಣೆಗೆ ಮೀಸಲೆನಿಸಿದರೆ ಸ್ಥಳೀಯ ನಿಯಮಗಳು ಬಹುಮಟ್ಟಿಗೆ ನಿಷ್ಪ್ರಯೋಜಕವಾಗುತ್ತವೆ. ಈ ಪದದ ಹರವು ಎಷ್ಟೆಂಬ ಪ್ರಶ್ನೆ ಹೊಸದಲ್ಲ. ಇದೇ ಮಾರ್ಗದ ಅಪ್ಟನ್ ಪಟ್ಟಣದಲ್ಲಿ ಮರದ ಪೆಲೆಟ್‌ಗಳನ್ನು (ಉರುವಲಿಗೆ ಬಳಸುವ ಒತ್ತಿದ ಮರದ ಗುಳಿಗೆಗಳನ್ನು) ಚೀಲಕ್ಕೆ ತುಂಬುವ ಘಟಕದ ಕುರಿತು ನಿವಾಸಿಗಳು ಹೋರಾಡಿದಾಗ, ರೈಲಿನ ದಕ್ಷತೆ ಹೆಚ್ಚುತ್ತದೆ ಎಂದ ಮಾತ್ರಕ್ಕೆ ಒಂದು ಕೆಲಸ ಸಾಗಣೆಯಾಗದು ಎಂದು ಫೆಡರಲ್ ಮೇಲ್ಮನವಿ ನ್ಯಾಯಾಲಯ 2015ರಲ್ಲಿ ಹೇಳಿ, ಬೋರ್ಡಿನ ಆದೇಶವನ್ನು ಮರುಪರಿಶೀಲನೆಗೆ ಕಳಿಸಿತ್ತು.

ಹೋಪ್‌ಡೇಲ್‌ನ ಪ್ರಶ್ನೆ ಅದಕ್ಕೂ ಒಂದು ಹೆಜ್ಜೆ ಹಿಂದಿನದು. ಜಮೀನಿನಲ್ಲಿ ರೈಲು ಕಂಪನಿ ಏನು ಮಾಡಬಹುದು ಎನ್ನುವುದಕ್ಕಿಂತ ಮೊದಲು, ಜಮೀನು ಯಾರಿಗೆ ಸೇರಬೇಕು ಎನ್ನುವುದು ತೀರ್ಮಾನವಾಗಬೇಕು. ವರ್ಷಗಟ್ಟಲೆ ತೆರಿಗೆ ಬಿಟ್ಟುಕೊಟ್ಟು ಗಳಿಸಿದ ಮೊದಲ ಹಕ್ಕು ರೈಲಿನ ಓಡಾಟಕ್ಕೆ ಹಾಕಿದ ಅಂಕುಶವಲ್ಲ, ಅದು ಆಸ್ತಿಯ ಹಕ್ಕು.

ಆದ್ದರಿಂದ ನನ್ನ ವಿನಂತಿ ಇಷ್ಟು. ರಾಜ್ಯ ಕಾನೂನಿನಡಿ ಪಟ್ಟಣಕ್ಕೆ ಮೊದಲ ಕೊಳ್ಳುವ ಹಕ್ಕಿರುವ ಜಮೀನನ್ನು ರೈಲು ಕಂಪನಿ ನೇರವಾಗಿ ಕೊಂಡರೂ, ಟ್ರಸ್ಟಿನ ಮೂಲಕ ಪಡೆದರೂ, ಆ ಹಕ್ಕಿನ ವಿಚಾರ ಇತ್ಯರ್ಥವಾಗುವವರೆಗೆ ಅದು ಬೋರ್ಡಿನ ವಿಶೇಷಾಧಿಕಾರದೊಳಗೆ ಬರಬಾರದು ಎಂಬ ತಿದ್ದುಪಡಿಯನ್ನು ದಯವಿಟ್ಟು ಮಂಡಿಸಿ. ಆ ಅವಧಿಯಲ್ಲಿ ಮರ ಕಡಿಯುವುದಕ್ಕೆ ತಾನಾಗಿಯೇ ತಡೆ ಬೀಳುವಂತೆಯೂ ಅದರಲ್ಲಿ ಸೇರಿಸಿ. ನ್ಯಾಯಾಲಯ ತಡವಾಗಿ ಹಣ ಕೊಡಿಸಬಲ್ಲದು, ಕ್ರಯಪತ್ರ ರದ್ದುಪಡಿಸಬಲ್ಲದು. ಬುಡ ಕಡಿದ ಓಕ್ ಮರವನ್ನು ಯಾವ ತೀರ್ಪೂ ಮರಳಿ ನಿಲ್ಲಿಸಲಾರದು. ಇಂಥ ತಿದ್ದುಪಡಿಗೆ ನಿಮ್ಮ ಬೆಂಬಲವಿದೆಯೇ ಇಲ್ಲವೇ ಎಂಬುದನ್ನು ಹೋಪ್‌ಡೇಲ್ ಜನರಿಗೆ ಲಿಖಿತವಾಗಿ ತಿಳಿಸಬೇಕೆಂದು ಕೋರುತ್ತೇನೆ.

ಗೌರವಪೂರ್ವಕ ವಂದನೆಗಳೊಂದಿಗೆ,
ಮ್ಯಾಸಚೂಸೆಟ್ಸ್‌ನ ಒಬ್ಬ ಕನ್ನಡಿಗ ಮತದಾರ